ಎರಡು ಪ್ರತಿ

...ಇಲ್ಲ ಇಲ್ಲ, ಅದು ಬೇಡ. ಆ ವೆಬ್‌ಸೈಟನ್ನ ಕಳೆದ ಶನಿವಾರಾನೇ ತಳ್ಳಿಹಾಕಿದ್ವಲ್ಲ, ಮರೆತ್ಯಾ? ಆ ಕುರ್ಚಿ ಬಿಡು, ಇದರಲ್ಲಿ ಕೂತ್ಕೋ. ಅದರ ಕಾಲು ಅಲ್ಲಾಡುತ್ತೆ. ನೀನು ಮನೆ ಬಿಟ್ಟ ಮೇಲೆ ಸರಿ ಮಾಡಿಸೋಣ ಅಂದ್ಕೊಂಡೆ... ಯಾರೂ ಕೂರಲ್ವಲ್ಲ, ಹಾಗೇ ಬಿಟ್ಟೆ.

ಯಾಕೆ ನಗ್ತೀಯ? ಫೋಟೋ ಪುಸ್ತಕ ಅಂದ್ರೆ ಹುಡುಗಾಟ ಅಲ್ಲ. ಫೋಟೋ ಆರಿಸಿದ್ದಾಯ್ತು, ಪುಟ ಜೋಡಿಸಿದ್ದಾಯ್ತು. ಯಾರ ಹತ್ರ ಅಚ್ಚು ಹಾಕಿಸೋದು ಅನ್ನೋದೊಂದೇ ಬಾಕಿ. ಒಂದ್ಸಲ ಅಚ್ಚಾದ್ರೆ ಮುಗೀತು. ಅದೂ ಎರಡು ಪ್ರತಿ. ನಿನ್ನ ಹತ್ರ ಅಮ್ಮನ ಮನೇಲೊಂದು, ಇಲ್ಲಿ ಅಪ್ಪನ ಮನೇಲೊಂದು, ಎರಡೂ ಒಂದೇ ಥರ ಇರಬೇಕು, ಒಂದು ಫೋಟೋ ಹೆಚ್ಚುಕಮ್ಮಿ ಆಗಬಾರದು. ಅಪ್ಪಣೆ ಯಾರದು? ನಮ್ಮ ಪಿಟೀಲಿಂದು! ಹುಟ್ಟಿದಾಗಿನ ಆ ಕೀರಲು ಗಂಟಲಿಗೆ ಆ ಹೆಸರಿಟ್ಟಿದ್ದು ನೀನೇ. ಒಂಬತ್ತು ವರ್ಷದ ಹುಡುಗಿ... ನಮ್ಮಿಬ್ಬರ ವಕೀಲರಿಗಿಂತ ವಾಸಿ. ಅವರು ಪಾಲು ಮಾಡಿ ಅಂದ್ರು, ಇವಳು ಪ್ರತಿ ಮಾಡಿ ಅಂದ್ಲು.

ಸರಿ, ಸರಿ. ವಕೀಲರ ಮಾತು ಬೇಡ.

ಇದು ನೋಡು. ನಾಲ್ಕೂ ಮುಕ್ಕಾಲು ನಕ್ಷತ್ರ ಕೊಟ್ಟಿದಾರೆ ಜನ. ಮೊದಲನೇ ಅಭಿಪ್ರಾಯ ಓದ್ತೀನಿ ಕೇಳು. 'ಪುಸ್ತಕ ಇನ್ನೂ ಕೈಸೇರಿಲ್ಲ, ಆದರೆ ತುಂಬಾ ಚೆನ್ನಾಗಿದೆ.' ಐದು ನಕ್ಷತ್ರ! ಇಷ್ಟು ವರ್ಷ ನಾನು ಕಾಲೇಜಲ್ಲಿ ಸಂಖ್ಯಾಶಾಸ್ತ್ರ ಅಂತ ಗಂಟಲು ಹರಕೊಂಡಿದ್ದು ಇದಕ್ಕೇನಾ?

ಇನ್ನೊಂದು ಸೈಟು. 'ನಿಮ್ಮ ನೆನಪುಗಳನ್ನು ಸೆರೆಹಿಡಿಯಿರಿ.' ಯಾಕೆ, ಅವೇನು ಜೈಲಿಂದ ಓಡಿಬಂದಿದ್ವಾ? ಕಪ್ ಮೇಲೆ, ತಲೆದಿಂಬಿನ ಮೇಲೆ, ಎಲ್ಲಾದ್ರ ಮೇಲೂ ಅಚ್ಚು ಹಾಕಿ ಕೊಡ್ತಾರಂತೆ. ನಮ್ಮ ಮೂವರ ಮುಖದ ಮೇಲೆ ತಲೆ ಇಟ್ಕೊಂಡು ಮಲಗೋದು... ನಗು ಬಂತಲ್ಲ? ಬರಲಿಲ್ವಾ. ಸರಿ.

ಮೂರನೇದು? ಅದರ ಸಹವಾಸವೇ ಬೇಡ. ಹಸಿರು ಬಣ್ಣ ಕಪ್ಪಾಗಿ ಬರುತ್ತೆ. ಅವಳ ಹಸಿರು ಫ್ರಾಕ್, ನೀನೇ ಹೊಲಿದಿದ್ದು, ಮಸಿಬಟ್ಟೆ ಥರ ಕಾಣುತ್ತೆ. ಮತ್ತೆ ಆ ಸಮುದ್ರದ ಫೋಟೋ, ಎರಡೂ ಪುಟಕ್ಕೆ ಹರಡಿ ಹಾಕಿದ್ವಲ್ಲ, ಆ ಕಡೆ ನೀನು, ಈ ಕಡೆ ನಾನು, ನಡುವೆ ಪಿಟೀಲು... ಪುಸ್ತಕದ ಹೊಲಿಗೆ ಸರಿಯಾಗಿ ಅವಳ ಮೇಲೇ ಬೀಳುತ್ತೆ. ಪುಸ್ತಕ ತೆರೆದ್ರೆ ನಾವಿಬ್ಬರೇ. ಅವಳ ಒಂದು ಕಿವಿ ನಿನ್ನ ಪುಟದಲ್ಲಿ, ಇನ್ನೊಂದು ನನ್ನ ಪುಟದಲ್ಲಿ. ಮುಖ ಒಳಗೆ.

ಹೇಗೆ ಗೊತ್ತು ಅಂದ್ರೆ? ಅದು... ಯಾರೋ ಬರೆದಿದ್ರು. ಅಭಿಪ್ರಾಯದಲ್ಲಿ. ಹೂಂ, ಈಗ ತಾನೇ ಆಡಿಕೊಂಡೆ, ನಿಜ. ಹೊಗಳಿದ್ರೆ ನಂಬಲ್ಲ, ಬೈದ್ರೆ ನಂಬ್ತೀನಿ. ನನ್ನ ರೋಗವೇ ಅದು ಅಂತ ನೀನೇ ಹೇಳ್ತಿದ್ದೆಯಲ್ಲ.

ಗಡಿಯಾರ ಯಾಕೆ ನೋಡ್ತೀಯ? ಅವಳ ಈಜು ತರಗತಿ ಮುಗಿಯೋಕೆ ಇನ್ನೂ ಹೊತ್ತಿದೆ. ಪುಸ್ತಕ ಆಗೋವರೆಗೂ ಪ್ರತಿ ಶನಿವಾರ ಬರ್ತೀನಿ ಅಂತ ಒಪ್ಪಿದ್ದು ನೀನೇ. ಆಮೇಲೂ ಬಾ ಅಂತ ನಾನೇನು ಕೇಳಿಲ್ಲ. ಆಮೇಲೆ ಅವಳನ್ನ ಗೇಟ್ ಹತ್ರ ಇಳಿಸಿ ಹಾಗೇ ಹೋಗ್ತೀಯ, ಗೊತ್ತಿದೆ. ಅದಕ್ಕೇ ಅವಸರ ಬೇಡ ಅಂತಿರೋದು... ಅಂದ್ರೆ, ಅಚ್ಚಿನ ವಿಷಯದಲ್ಲಿ.

ಇನ್ನೊಬ್ಬರ ಹತ್ರ ಪುಟ ಚಪ್ಪಟೆಯಾಗಿ ಬಿಚ್ಚಿಕೊಳ್ಳುತ್ತಂತೆ. ಮಾದರಿ ಕಳಿಸಿ ಅಂತ ಬರೆದಿದೀನಿ. ಬರಲಿ. ಕಾಗದ ಮುಟ್ಟಿ ನೋಡಿ, ಮುಂದಿನ ಶನಿವಾರ... ಬೇಡ, ಅದರ ಮುಂದಿನ ಶನಿವಾರ ತೀರ್ಮಾನ ಮಾಡೋಣ.

ಚಾರ್ಜರಾ? ಇರು, ನಾನೇ ಕೊಡ್ತೀನಿ. ಆ ಡ್ರಾಯರ್ ಬೇಡ, ಅದು ಸಿಕ್ಕಿಹಾಕ್ಕೊಳ್ಳುತ್ತೆ. ಬೇಡ ಅಂದ್ನಲ್ಲ! ಮೇಲಿನದರಲ್ಲಿ ನೋಡು, ಮೇಲಿನ...

...

ಸಿಕ್ತಾ ಚಾರ್ಜರ್?

ಬೈದುಬಿಡು.

ಹೂಂ. ನಮ್ಮ ಪುಸ್ತಕವೇ. ಆ ಮೂರನೇ ಸೈಟಿನದೇ. ಎರಡು ಪ್ರತಿ. ಬಂದು ಐದು ಶನಿವಾರ ಆಯ್ತು.

ಫ್ರಾಕ್ ಕಪ್ಪಾಗಿದೆ ಅಂದಿದ್ದು ಸುಳ್ಳಲ್ಲ, ನೋಡಿದ್ಯಲ್ಲ. ಉಳಿದಿದ್ದೆಲ್ಲ ಚೆನ್ನಾಗೇ ಬಂದಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೊಂದೇ ಪುಟ ತಾಳೆ ಹಾಕಿದೀನಿ, ಏನೂ ವ್ಯತ್ಯಾಸ ಇಲ್ಲ. ಯಾವುದು ಬೇಕೋ ತಗೊಂಡು ಹೋಗು. ಚೀಲ ಕೊಡ್ಲಾ?

ಆ ಸಮುದ್ರದ ಪುಟ ಅಷ್ಟು ಎಳೀಬೇಡ, ಹೊಲಿಗೆ ಬಿಡುತ್ತೆ. ಒಬ್ಬರ ಕೈಲಿ ಆಗಲ್ಲ ಅದು, ನಾನೂ ನೋಡಿದೀನಿ. ಆ ಕಡೆ ನೀನು ಒತ್ತಿ ಹಿಡ್ಕೋ. ಈ ಕಡೆ ನಾನು ಹಿಡ್ಕೋತೀನಿ... ಮೆಲ್ಲಗೆ...

ಹಾಂ. ಈಗ ಕಾಣ್ತಾಳೆ.