ಕ್ಯಾಪ್ಟನ್ ದೊರೆಯ ಹೊಟ್ಟೆಉರಿ

ಮಧ್ಯಾಹ್ನದಿಂದ ಸುರಿಯುತ್ತಿದ್ದ ಮಳೆಗೆ ಹಳೇಕೋಟೆಯಲ್ಲಿ ಕರೆಂಟು ಹೋಗಿತ್ತು. ಅಕ್ಕಪಕ್ಕದವರೆಲ್ಲ ಮಾದಮ್ಮಜ್ಜಿಯ ಜಗುಲಿಯಲ್ಲಿ ಒತ್ತೊತ್ತಾಗಿ ಕೂತಿದ್ದರು. ಮೊಮ್ಮಗ ಗೌತಮ್ ಮಾತ್ರ ಹೆಂಡತಿ ಶೋಭಿತಾಳಿಂದ ದೂರ, ಕಂಬಕ್ಕೆ ಒರಗಿದ್ದ. ಹೊಳೆನರಸೀಪುರದಿಂದ ಬೈಕಿನಲ್ಲಿ ಹೊಳೆಯ ಸೇತುವೆ ದಾಟಿ ಬರುವಾಗ ಅವಳು ಫೋನಿನಲ್ಲಿ ಯಾರೊಂದಿಗೋ ನಕ್ಕಿದ್ದು ಅವನ ಎದೆಯನ್ನು ಇನ್ನೂ ಕುಟುಕುತ್ತಿತ್ತು.

ಅಜ್ಜಿ ಎಲೆಅಡಿಕೆ ಅಗಿಯುತ್ತ ಶುರುಮಾಡಿದಳು.

"ಹೊಳೆ ದಂಡೇಲಿ ಬಿದ್ದೋಗಿರೋ ಬಂಗ್ಲೆ ನೋಡಿದ್ದೀರಲ್ಲ... ಅದು ಕ್ಯಾಪ್ಟನ್ ದೊರೇದು. ಬಿಳಿಯ. ಮೀಸೆ ಬರಕ್ ಮುಂಚೇನೇ ಯುದ್ಧದ ಹಡಗು ಹತ್ತಿ, ಬತ್ತಾ ಬತ್ತಾ ಅದಕ್ಕೇ ಯಜಮಾನ ಆಗಿ, ಆಮ್ಯಾಕೆ ಸಮುದ್ರಾನೂ ಬುಟ್ಟು ದೊರೆಗಳ ಕೌನ್ಸಿಲ್ಲಲ್ಲಿ ಕುರ್ಚಿ ಹಿಡ್ದೋನು ಕಣ್ರಪ್ಪಾ. ಅವ್ನು ಬಾಯ್ಬಿಟ್ರೆ ಕಾನೂನು! ಅಂಥೋನು ಎಂಡ್ತೀನ ಇಲ್ಲಿ ಬುಟ್ಟು ತಿಂಗಳುಗಟ್ಲೆ ಸಭೆ ಅಂತ ಓಗ್ಬುಡೋನು. ಆವಮ್ಮ ಇನ್ನೇನ್ ಮಾಡ್ಬೇಕು? ಸಂಜೆ ಆದ್ರೆ ಅಂಬಿಗ ಲಕ್ಕಯ್ಯನ ಹರಿಗೋಲಲ್ಲಿ ಕೂತು, ಆಚೆ ದಡಕ್ಕೆ ಓಗೋ ಎಂಗಸ್ರ ಜೊತೆ ಅರ್ಧಂಬರ್ಧ ಕನ್ನಡ ಆಡ್ಕಂಡು ನಗೋದು... ಅಷ್ಟೇಯ.

ಒಂದಿನ ದೊರೆ ಸುಳಿವು ಕೊಡ್ದಂಗೆ ಬಂದ. ದಡದಲ್ಲಿ ನಿಂತು ಆ ನಗು ಕೇಳ್ದ. ನನ್ ಮುಂದೆ ಒಂದಿನಾನೂ ಇಂಗೆ ನಗ್ದೋಳು ಈ ಅಂಬಿಗನ ಮುಂದೆ ನಗ್ತಾವ್ಳಲ್ಲ ಅಂತ ಒಟ್ಟೆ ಉರ್ದೋಯ್ತು. ಅವಳನ್ನ ಕೇಳ್ದ್ನಾ? ಇಲ್ಲ. ಯಾರೂ ಹರಿಗೋಲು ಇಳಿಸ್ಕೂಡ್ದು ಅಂತ ಹುಕುಂ ತಂದು, ಲಕ್ಕಯ್ಯನ ಕಣ್ಮುಂದೇನೇ ಅದನ್ನ ಸುಡಿಸ್ಬುಟ್ಟ.

ಮಳೆಗಾಲ ಬಂತು. ಹೇಮಾವತಿ ದಡ ಮೀರಿದ್ಲು. ಆವಮ್ಮಂಗೆ ಜ್ವರ... ಡಾಕ್ಟ್ರು ಆಚೆ ದಡದಲ್ಲಿ. ದೊರೆ ನೆಂದ್ಕಂಡು ಲಕ್ಕಯ್ಯನ ಗುಡಿಸ್ಲಿಗೆ ಓಡ್ಬಂದು, 'ಹರಿಗೋಲು ಇಳಿಸಪ್ಪಾ' ಅಂತ ಕೈಮುಗ್ದ. ಲಕ್ಕಯ್ಯ, 'ಎಲ್ಲದೆ ಸ್ವಾಮಿ ಹರಿಗೋಲು?' ಅಂದ.

ಅವಳು ಉಸ್ರು ಬಿಡೋ ಹೊತ್ತಲ್ಲೂ ಆ ಪಾಪಿ ಅವಳ ಮಕದತ್ರ ಬಗ್ಗಿ ಕೇಳಿದ್ದು ಏನು ಗೊತ್ತಾ? 'ಅವತ್ತು ಯಾಕೆ ನಕ್ಕೆ?' ಅಂತ. ಅವಳು ಕಣ್ಮುಚ್ಚಿದ್ಲು. ಅವ್ನು ಸೀದಾ ಹೊಳೆಗೆ ಇಳ್ದ... ಹೆಣಾನೂ ಸಿಗ್ಲಿಲ್ಲ.

ಉತ್ರ ಸಿಗ್ದೋನು ಈ ಹೊಳೆ ಬುಟ್ಟು ಎಂಗ್ಲಾ ಓದಾನು? ಈಗ ಅಲ್ಲಿ ಸೇತುವೆ ಆಗದೆ. ಅದ್ರ ಮ್ಯಾಲೆ ಯಾವ ಹೆಣ್ಣಾದ್ರೂ ನಕ್ರೆ, ಗಂಡನ ಹೆಗಲ ಮ್ಯಾಲೆ ಕೈ ಮಡಗಿ ಹಿಂದೇನೇ ಬಂದ್ಬುಡ್ತಾನೆ. ಆಮ್ಯಾಕೆ ಗಂಡನ ಬಾಯಲ್ಲಿ ಅವನೇ ಕೇಳ್ತಾನೆ..."

ಗೌತಮ್ ಕಂಬ ಬಿಟ್ಟು ನೆಟ್ಟಗೆ ಕೂತ. ಮನೆ ಸೇರಿ ಬಟ್ಟೆ ಬದಲಾಯಿಸುವಾಗ ಅವನು ಶೋಭಿತಾಳನ್ನು ಕೇಳಿದ್ದೂ ಅದೇ ಮಾತು. 'ಅಕ್ಕ ಫೋನಲ್ಲಿ ಏನೋ ತಮಾಷೆ ಮಾಡಿದ್ಲು ಕಣ್ರೀ' ಎಂದರೂ ಅವನು ನಂಬಿರಲಿಲ್ಲ. ಈಗ ಅವಳು ಅವನನ್ನೇ ನೋಡುತ್ತಿದ್ದಳು.

ಅಜ್ಜಿ ದೀಪವನ್ನು ಅವನತ್ತ ಎತ್ತಿ ಹಿಡಿದಳು.

"ಒಣಗಿದ್ ಅಂಗಿ ತಾನೇ ಹಾಕ್ಕಂಡಿದ್ದು ನೀನು? ಮತ್ತೆ ಹೆಗಲೊಂದೇ ಯಾಕ್ಲಾ ಇನ್ನೂ ಒದ್ದೆ ಆಗದೆ?"