ಎಲೆ ಉದುರಿದ ಅಂಜೂರ

ಅರುವತ್ತೆರಡನೇ ಇಸವಿಯ ಶ್ರಾವಣದಲ್ಲೊಂದು ದಿನ ಜವಳಿ ವ್ಯಾಪಾರಿ ಮೂಸಾ ಬಂಟ್ವಾಳದಲ್ಲಿ ಮೂಡುಬಿದಿರೆಯ ಬಸ್ಸಿಗೆ ಕಾಯುತ್ತಿದ್ದ. ಪಕ್ಕದ ಬೆಂಚಿನಲ್ಲಿ ಕುಸುಮ ಎಂಬ ಹೆಂಗಸು, ಗೋಣಿಯಲ್ಲಿ ಬೇರು ಸುತ್ತಿದ ಬೋಳು ಗಿಡವೊಂದನ್ನು ಮಡಿಲಲ್ಲಿ ಹಿಡಿದು ಕೂತಿದ್ದಳು. ಎದುರಿಗೆ ಅವಳ ಅಣ್ಣ ಶಂಭು ನಿಂತಿದ್ದ. ಬೇಡವೆಂದರೂ ಮೂಸಾನ ಕಿವಿಗೆ ಅವರ ಮಾತು ಬೀಳುತ್ತಿತ್ತು.

“ಒಂದು ಸತ್ತ ಕಡ್ಡಿಗೋಸ್ಕರ ಮನೆ ಬಿಡುವುದಾ? ಊರು ನಗ್ತದೆ.”

“ಸತ್ತದ್ದಲ್ಲ. ನೀನು ಕಿತ್ತದ್ದು.”

“ಒಂದು ಎಲೆಯೂ ಇರಲಿಲ್ಲ ಮಾರಾಯ್ತಿ!”

“ಅಂಜೂರ ನೆಟ್ಟದ್ದು ನಾನು ಇದೇ ಮೊದಲು. ಮಳೆಗೆ ಎಲೆಯೆಲ್ಲ ತುಕ್ಕು ಹಿಡಿದು ಉದುರ್ತದೆ ಅಂತ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಡಬ್ಬಿಯಲ್ಲಿ ನೆಟ್ಟು ಜಗಲಿಯಲ್ಲಿ ಇಡ್ತೇನೆ ಅಂದೆ. ಒಂದು ಮೂಲೆ ಕೊಟ್ಟೆಯಾ?”

“ಜಗಲಿ ನನ್ನದು.”

“ಅಮ್ಮನದು. ಅಮ್ಮ ಇದ್ದಾಗ ಈ ಮಾತು ಆಡುವ ಧೈರ್ಯ ನಿನಗಿರಲಿಲ್ಲ.”

ಶಂಭುವಿನ ಮುಖ ಕೆಂಪಾಯಿತು. ಕುಸುಮ ಉಗುರಿನಿಂದ ಗಿಡದ ತೊಗಟೆ ಕೆರೆದಳು.

“ನೋಡು, ಜೀವ ಉಂಟು.”

ಅವನು ಮುಖ ತಿರುಗಿಸಿದ. “ಹಾಗಾದರೆ ಅದನ್ನೇ ಕಟ್ಟಿಕೊಂಡು ಬಾಳು. ಮತ್ತೆ ನನ್ನ ಮೆಟ್ಟಿಲು ಹತ್ತಬೇಡ.”

“ಹತ್ತುವುದಿಲ್ಲ. ಪೊಳಲಿಯಲ್ಲಿ ನನ್ನ ಗೆಳತಿ ಸರಸ ತನ್ನ ಮನೆಯಲ್ಲಿ ಜಾಗ ಕೊಟ್ಟಿದ್ದಾಳೆ. ಗಿಡಕ್ಕೂ, ನನಗೂ.”

ಪೊಳಲಿಯ ಬಸ್ಸು ಬಂತು. ಕುಸುಮ ಗಿಡವನ್ನು ಎದೆಗವಚಿಕೊಂಡು, ಇನ್ನೊಂದು ಕೈಯಲ್ಲಿ ಟ್ರಂಕು ಎಳೆದುಕೊಂಡು ಹತ್ತಿದಳು. ಶಂಭು ಟ್ರಂಕಿಗೆ ಕೈ ಹಚ್ಚಲಿಲ್ಲ.

ಬಸ್ಸು ತಿರುವು ದಾಟಿ ಮರೆಯಾಯಿತು. ಆಗ ಅವನು ಮೂಸಾನನ್ನು ನೋಡದೆಯೇ ಕೇಳಿದ:

“ತೊಗಟೆಯ ಒಳಗೆ ಹಸಿರಿತ್ತಾ?”

“ಇತ್ತು,” ಎಂದ ಮೂಸಾ.

ಶಂಭು ಕೊಡೆ ಬಿಡಿಸುವುದನ್ನೂ ಮರೆತು ಮಳೆಯಲ್ಲೇ ಮನೆಯ ದಾರಿ ಹಿಡಿದ.