ನಾನು ಗಾಜಿನ ಮೇಲೆ ಬರೆಯದ ಹೆಸರು

ಎಂಬತ್ನಾಲ್ಕರ ಶ್ರಾವಣ. ಅಣ್ಣಿಗೇರಿಯಲ್ಲಿ ಸಂಜೆಯೇ ಮಳೆ ಹಿಡಿದಿತ್ತು. ಕರೆಂಟು ಹೋಗಿ ನನ್ನ ಹಿಟ್ಟಿನ ಗಿರಣಿ ನಿಂತಿತು. ಬೀಸಲು ಬಂದವರೆಲ್ಲ ಜೋಳದ ಚೀಲಗಳ ಮೇಲೆಯೇ ಕುಳಿತರು. ನವಲಗುಂದದ ಶಾಲೆಯಲ್ಲಿ ಪಾಠ ಹೇಳುವ ಬಾಯಾರು ರಜಿಯಾಬಿಯೂ ಅಲ್ಲಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ನಮ್ಮೂರ ಟೂರಿಂಗ್ ಟಾಕೀಸು ಏನೇನು ಮಾಡಿತ್ತೆಂದು ಬರೆದುಕೊಳ್ಳಲು ಅವರು ಮೂರು ದಿನದಿಂದ ಊರು ಸುತ್ತುತ್ತಿದ್ದರು. ಆ ಟಾಕೀಸಿನಲ್ಲಿ ಮಷೀನು ನಡೆಸಿದ್ದ ಹೊಳೆಪ್ಪಜ್ಜ ಮೂಲೆಯಲ್ಲಿ ಎಲೆ ಮೆಲ್ಲುತ್ತಿದ್ದವನು ಬಾಯಿ ಬಿಟ್ಟ.

“ಏನಂತ ಬರ್ಕೊಂಡೀರಿ ಬಾಯಾರ? ಲಡಾಯಿ ಫಂಡಿನ ಡಬ್ಬಿ ಇಟ್ಟಿದ್ರು, ಇಂಟರ್ವಲ್‌ದಾಗ ಮಿಲಿಟ್ರಿಗೆ ಮಂದೀನ ಆರಿಸ್ತಿದ್ರು... ಅಷ್ಟ ಹೌದಲ್ಲೊ? ಇನ್ನೊಂದು ಕೆಲಸ ಇತ್ರಿ. ಸುತ್ತಲಿನ ಹಳ್ಳಿ ಮಂದಿ ಎಲ್ಲಾ ಸಿನಿಮಾಕ್ಕ ಬಂದಿರ್ತಿದ್ರಲ್ಲ, ಯಾರಿಗರೆ ತಾರು ಬಂತಂದ್ರ ಪೋಸ್ಟಿನಂವ ಸೀದಾ ತಂಬೂಕ್ಕ ತಂದು ನನ್ನ ಕೈಯಾಗ ಕೊಡಾಂವ. ನಾ ಒಂದ್ ಗಾಜಿಗೆ ದೀಪದ ಕರಿ ಹಿಡಿಸಿ, ಇಂಥವರು ಹೊರಗ ಬರಬೇಕು ಅಂತ ಸೂಜೀಲೆ ಗೀಚಿ ಮಷೀನಿನ್ಯಾಗ ಇಟ್ರ, ಪರದೆ ಮ್ಯಾಲ ಅಕ್ಷರ ಬೆಳ್ಳಗ ಕಾಣ್ತಿದ್ವು.

“ಒಂದಿನ ಹಿಂಗ ಮಳಿ... ಶಲವಡಿ ಊರಿಂದ ಮಿಲಿಟ್ರಿಗೆ ಹೋದ ಕರಿಸಿದ್ದಪ್ಪ ಬರ್ಮಾದಾಗ ಸತ್ತಾನಂತ ತಾರು ಬಂತು. ಅವನ ಹೇಣ್ತಿ ಮೈಲಾರವ್ವ ಮುಂದಿನ ಸಾಲಿನ್ಯಾಗ ಕುಂತಾಳ, ಹತ್ತೊಂಬತ್ತರ ಹುಡುಗಿ, ಪರದೆ ನೋಡಿ ಬಿದ್ದು ಬಿದ್ದು ನಗಾಕತ್ತಾಳ. ಆ ನಗಿ ನಾ ಹ್ಯಾಂಗ ನಿಲ್ಲಸ್ಲಿ ಹೇಳ್ರಿ? ಸಿನಿಮಾ ಮುಗೀಲಿ, ಆಮ್ಯಾಲ ಹೇಳೂಣು ಅಂತ ತಾರು ಕಿಸೇದಾಗ ಇಟ್ಟೆ. ಕರಿ ಹಿಡಿಸಿದ ಗಾಜು ಬಾಜೂಕ ಹಂಗ ಇತ್ತು. ಒಂದ್ ಗೀರೂ ಎಳದಿದ್ದಿಲ್ಲ...

“ಚಿತ್ರ ತಾನ ನಿಂತಿತ್ರಿ! ಪರದೆ ಅಗದಿ ಕರ್ರಗಾತು. ಅದರಾಗ ಒಂದೊಂದ ಅಕ್ಷರ ಮೂಡಿದ್ವು, ಯಾರೋ ಅಲ್ಲೇ ಕುಂತು ಗೀಚಾಕತ್ತಾರೇನೋ ಅನ್ನೂಹಂಗ... ‘ಶಲವಡಿ ಮೈಲಾರವ್ವ ಹೊರಗ ಬರಬೇಕು.’ ಓದಾಕ ಬಲ್ಲವರು ಕೂಗಿ ಹೇಳಿದ್ರು, ಆಕಿ ಎದ್ದು ಹೋದ್ಲು. ನಾ ಹಿಂದ ಓಡಿದೆ. ಹೊರಗ ಕರಿಸಿದ್ದಪ್ಪ ನಿಂತಾನ! ಅಷ್ಟು ಮಳ್ಯಾಗ ಮೈಮ್ಯಾಲ ಒಂದ್ ಹನಿ ಇಲ್ಲ. ‘ಬರ್ತೀನಂತ ಕಾಗದ ಬರ್ಯಾಕ ಕೈ ಸೇದಿತ್ತೇನು?’ ಅಂತ ಆಕಿ ಜಗಳಾನ ತಗದ್ಲು. ಅಂವ ಆಕಿ ಹೆಗಲ ಮ್ಯಾಲಿಂದ ನನ್ನ ನೋಡಿ ತಲಿ ಅಲ್ಲಾಡಿಸಿದ... ಹೇಳಬ್ಯಾಡ ಅಂತ.”

ರಜಿಯಾಬಿ ಮೆಲ್ಲಗೆ ಕೇಳಿದರು: “ಆ ತಾರು ಇನ್ನೂ ಐತೇನ್ರಿ ಅಜ್ಜಾರ? ಕೊಡ್ರಿ, ಪುಸ್ತಕದಾಗ ಹಾಕ್ತೀನಿ.”

“ಐತಿ. ಕೊಡೂದಿಲ್ಲ. ಆಕಿಗೆ ಗೊತ್ತಾದ ದಿನ ಅಂವ ಬರೂದು ನಿಂತ್ರ? ಆಮ್ಯಾಲ ಪಲ್ಟನ್ನಿಂದ ಬಂದ ಕಾಗದಾನೂ ಆಕಿ ನನ್ನ ಕಡೇನ ಓದಸಾಕ ತಂದ್ಲು. ಎಲ್ಲಾ ಸುಳ್ಳ ಓದೇನಿ. ನೀವು ಡಬ್ಬೀದು ಬರೀರಿ, ಸಾಕು. ಮೊನ್ನಿ ಮಳ್ಯಾಗ ಶಲವಡಿಗೆ ಹೋಗಿದ್ದೆ. ‘ಹೊಳೆಪ್ಪಣ್ಣ, ಇವರಿಗೆ ರಜಾ ಸಿಕ್ಕೇತಿ, ಬಾ ಒಳಗ’ ಅಂದ್ಲು. ಆಕಿಗೆ ಈಗ ಅರವತ್ತು, ತಲಿ ಪೂರಾ ಬೆಳ್ಳಗಾಗೇತಿ... ಎದುರಿಗೆ ಕುಂತು ರೊಟ್ಟಿ ಮುರ್ಯಾಕತ್ತಿದ್ದಂವಗ ಇನ್ನೂ ಇಪ್ಪತ್ನಾಕು, ಬಾಯಾರ.”